ಶುಗರ್ ಇರೋರಿಗೆ ವಿಟಮಿನ್ ಡಿ ಪ್ಯಾಕೆಟ್: ಕಿಡ್ನಿ ಉಳಿಯುತ್ತಾ?

ತಿಪಟೂರು: ಶುಗರ್ ಇರೋರ ರಿಪೋರ್ಟ್‌ನಲ್ಲಿ ಈಗ 'ವಿಟಮಿನ್ ಡಿ ಕಡಿಮೆ' ಅನ್ನೋ ಸಾಲು ಮಾಮೂಲಿ. ಕಡಿಮೆ ಇದ್ರೆ ಕಿಡ್ನಿ ಹೋಗುತ್ತಂತೆ ಅನ್ನೋ ಮಾತೂ ಅದರ ಹಿಂದೆಯೇ ಬರುತ್ತೆ. ಅಲ್ಲಿಂದ ನೇರ ಮೆಡಿಕಲ್ ಸ್ಟೋರ್‌ಗೆ, 60,000 ಯೂನಿಟ್‌ನ ಪುಡಿ ಪ್ಯಾಕೆಟ್‌ಗೆ. ಈ ಪ್ಯಾಕೆಟ್ ಕಿಡ್ನಿ ಕಾಯುತ್ತಾ? ಇಲ್ಲಿವರೆಗಿನ ಲೆಕ್ಕ ನೋಡಿದ್ರೆ, ಇಲ್ಲ.

ತೆಂಗಿನ ಸೀಮೆಯಲ್ಲಿ ಬಿಸಿಲಿಗೇನು ಬರ ಅಂತ ಕೇಳಬಹುದು. ಬಿಸಿಲಿದೆ, ಮೈಮೇಲೆ ಬೀಳಬೇಕಲ್ಲ. ಬೆಳಗ್ಗೆ ಶಟರ್ ಎತ್ತಿ ಗಲ್ಲಾ ಮುಂದೆ ಕೂತವರು ಏಳೋದು ರಾತ್ರಿಗೆ. ಉಂಡೆ ಕೊಬ್ಬರಿಯಾದ್ರೆ ವರ್ಷದ ಹತ್ತಿರ ಅಟ್ಟದ ನೆರಳಲ್ಲೇ ಇದ್ದು ಚೆನ್ನಾಗಿ ಒಣಗುತ್ತೆ, ಮನುಷ್ಯರ ಕಥೆ ಬೇರೆ.

ಬಿಸಿಲು ಬಿದ್ದಾಗ ಚರ್ಮದಲ್ಲಿ ತಯಾರಾಗೋ ವಿಟಮಿನ್ ಡಿ ಮೊದಲು ಲಿವರ್‌ಗೆ, ಆಮೇಲೆ ಕಿಡ್ನಿಗೆ ಹೋಗುತ್ತೆ. ದೇಹ ಬಳಸೋ ರೂಪಕ್ಕೆ ಅದನ್ನ ತರೋದು ಮುಖ್ಯವಾಗಿ ಕಿಡ್ನಿಯೇ. ಶುಗರ್‌ನಿಂದ ಕಿಡ್ನಿ ಜರಡಿ ಹಾಳಾದಾಗ ಮೂತ್ರದಲ್ಲಿ ಪ್ರೋಟೀನ್ ಸೋರುತ್ತೆ, ಅದರ ಜೊತೆ ವಿಟಮಿನ್ ಡಿ ಕೂಡ ಸೋರುತ್ತೆ. ಅಂದ್ರೆ ಡಿ ಕಡಿಮೆಯಾಗಿ ಕಿಡ್ನಿ ಕೆಟ್ಟಿತೋ, ಕಿಡ್ನಿ ಕೆಟ್ಟು ಡಿ ಕಡಿಮೆಯಾಯಿತೋ, ಒಂದು ರಿಪೋರ್ಟ್ ನೋಡಿ ಹೇಳೋಕಾಗಲ್ಲ.

ಇದನ್ನ ಪರೀಕ್ಷೆ ಮಾಡಿಯೇ ನೋಡಿದ್ದಾರೆ. ಅಮೆರಿಕದಲ್ಲಿ ಟೈಪ್ 2 ಶುಗರ್ ಇದ್ದ 1,312 ಜನರ ಮೇಲೆ 5 ವರ್ಷ ನಡೆದ ಪ್ರಯೋಗದ ಫಲಿತಾಂಶ 2019ರಲ್ಲಿ ಬಂತು. ಕೆಲವರಿಗೆ ದಿನಕ್ಕೆ 2,000 ಯೂನಿಟ್ ವಿಟಮಿನ್ ಡಿ, ಉಳಿದವರಿಗೆ ಔಷಧಿ ಇಲ್ಲದ ಬರೀ ಮಾತ್ರೆ. ಕಿಡ್ನಿ ಶಕ್ತಿ ಎರಡೂ ಗುಂಪಲ್ಲಿ ಹೆಚ್ಚುಕಡಿಮೆ ಒಂದೇ ಥರ ಇಳಿಯಿತು. ಅವರಲ್ಲಿ ಹೆಚ್ಚಿನವರಿಗೆ ಮೊದಲೇ ತೀರಾ ಕೊರತೆ ಇರಲಿಲ್ಲ ಅನ್ನೋದು ನಿಜ. ಕೊರತೆ ಇದ್ರೆ ಮೂಳೆಗಾಗಿ ಡಾಕ್ಟರ್ ಹೇಳಿದಷ್ಟು ತಗೊಳ್ಳಲೇಬೇಕು. ಆದ್ರೆ ಕಿಡ್ನಿ ಔಷಧಿ ಅಂದ್ಕೊಂಡು ಅಲ್ಲ.

ಅತಿಯಾದ್ರೆ ಉಲ್ಟಾ ಹೊಡೆಯುತ್ತೆ. ಸಾಮಾನ್ಯವಾಗಿ ವಾರಕ್ಕೊಂದು ಅಂತ, ಅದೂ ಕೆಲವೇ ವಾರಕ್ಕೆ ಬರೆದುಕೊಡೋ ಪ್ಯಾಕೆಟ್ಟನ್ನ ದಿನಾ ನುಂಗಿದ್ರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಪೆಟ್ಟು. ವಾಂತಿ, ಮಲಬದ್ಧತೆ, ಅತಿಯಾದ ಬಾಯಾರಿಕೆ ಇದರ ಸೂಚನೆ. ಬಾಯಾರಿಕೆ ಶುಗರ್ರಿಂದ ಅಂದ್ಕೊಂಡು ಸುಮ್ಮನಾಗೋರೇ ಜಾಸ್ತಿ.

ಹಾಗಾದ್ರೆ ದುಡ್ಡು ಎಲ್ಲಿ ಹಾಕಬೇಕು? ನನ್ನ ಪ್ರಕಾರ ಮೊದಲು ಮೂತ್ರದ ಅಲ್ಬುಮಿನ್-ಕ್ರಿಯೇಟಿನಿನ್ ಟೆಸ್ಟ್‌ಗೆ. ಟೈಪ್ 2 ಶುಗರ್ ಗೊತ್ತಾದ ದಿನದಿಂದಲೇ ವರ್ಷಕ್ಕೊಮ್ಮೆ ಮಾಡಿಸಬೇಕು. ನಮ್ಮಲ್ಲಿ ಬರೀ ರಕ್ತದ ಕ್ರಿಯೇಟಿನಿನ್ ನೋಡಿ 'ನಾರ್ಮಲ್' ಅಂತ ಸಮಾಧಾನ ಪಡ್ತಾರೆ. ಅದು ಏರೋ ಹೊತ್ತಿಗೆ ಅರ್ಧದಷ್ಟು ಶಕ್ತಿ ಹೋಗಿರಬಹುದು. ಪ್ರೋಟೀನ್ ಸೋರಿಕೆ ಅದಕ್ಕಿಂತ ಎಷ್ಟೋ ಮೊದಲೇ ಸಿಗುತ್ತೆ.

ಬೇಗ ಸಿಕ್ಕಿದ್ರೆ ದಾರಿ ಇದೆ. ಬಿಪಿ, ಶುಗರ್ ಹತೋಟಿ ಜೊತೆಗೆ ಕಿಡ್ನಿ ಹಾಳಾಗೋದನ್ನ ನಿಧಾನ ಮಾಡುತ್ತೆ ಅಂತ ಸಾಬೀತಾದ ಮಾತ್ರೆಗಳಿವೆ: ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ, ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್. ಕೊನೆಯದರ ಪೇಟೆಂಟ್ 2025ರ ಮಾರ್ಚ್‌ನಲ್ಲಿ ಮುಗಿದು ಬೆಲೆ ಚೆನ್ನಾಗಿ ಇಳಿದಿದೆ. ಯಾರಿಗೆ ಯಾವುದು ಅನ್ನೋದು ಡಾಕ್ಟರ್ ತೀರ್ಮಾನ, ಕೇಳೋದು ನಮ್ಮ ಕೆಲಸ.

ತಡವಾದ್ರೆ ಡಯಾಲಿಸಿಸ್. ವಾರಕ್ಕೆ ಎರಡು-ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ. ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿಎಲ್ ಕಾರ್ಡಿನವರಿಗೆ ಪುಕ್ಕಟೆ ಆದ್ರೂ ತುರುವೇಕೆರೆಯ ಅಂಗಡಿಯವರೋ ಚಿಕ್ಕನಾಯಕನಹಳ್ಳಿಯ ತೋಟದವರೋ ವಾರದಲ್ಲಿ ಮೂರು ದಿನ ಕೆಲಸ ಬಿಟ್ಟು ಮಲಗೋದು ಅಂದ್ರೆ ಅದರ ಖರ್ಚು ಯಾವ ಬಿಲ್ಲಲ್ಲೂ ಬರಲ್ಲ.

ಇನ್ನೊಂದು ಮಾತು ನಮ್ಮೂರಿನವರಿಗೇ. ಕಿಡ್ನಿ ಈಗಾಗಲೇ ತುಂಬಾ ಕೆಟ್ಟಿರೋರನ್ನ ನೋಡೋಕೆ ಹೋಗುವಾಗ ಎಳನೀರು ಒಯ್ಯಬೇಡಿ. ಅದರಲ್ಲಿ ಪೊಟ್ಯಾಶಿಯಂ ಜಾಸ್ತಿ. ಕೆಟ್ಟ ಕಿಡ್ನಿ ಅದನ್ನ ಹೊರಗೆ ಹಾಕಲಾರದು, ಹೃದಯದ ಬಡಿತಕ್ಕೇ ಅಪಾಯ. ಮಂಡಿನೋವಿಗೆ ಅಂತ ಡೈಕ್ಲೋಫೆನಾಕ್ ಮಾತ್ರೆಯನ್ನೂ ಅವರಿಗೆ ಕೇಳದೆ ಕೊಡಬೇಡಿ.