ಮನೆ ಮಾರುವ ಸುದ್ದಿ ಮೊದಲು ಮಕ್ಕಳಿಗೆ ತಿಳಿಯಲಿ

ಮನೆ ಮಾರಲು ಹೊರಟವರಿಗೆ ನಮ್ಮ ಸಿಂಧನೂರು ಸೀಮೆಯಲ್ಲಿ ಈಚೆಗೆ ಒಂದು ಸಲಹೆ ತಪ್ಪದೆ ಸಿಗುತ್ತಿದೆ. ಗಿರಾಕಿ ಬರುವ ಹೊತ್ತಿಗೆ ಹುಡುಗರನ್ನು ಎಲ್ಲಾದರೂ ಕಳಿಸಿ, ಅವರ ಸಾಮಾನು ಕಣ್ಣಿಗೆ ಬೀಳದ ಹಾಗೆ ಎತ್ತಿಡಿ ಎಂಬುದೇ ಆ ಸಲಹೆ. ಗೊರೇಬಾಳದಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುವ ನಾನು ಇದನ್ನು ಒಪ್ಪುವುದಿಲ್ಲ. ಮನೆ ಮಾರುವುದರಲ್ಲಿ ತಪ್ಪೇನಿಲ್ಲ. ಸಾಲ ತೀರಿಸಬೇಕಾಗುತ್ತದೆ, ಅಣ್ಣ ತಮ್ಮಂದಿರು ಬೇರೆಯಾಗುತ್ತಾರೆ, ಮಗಳ ಕಾಲೇಜಿಗೆಂದು ಸಿಂಧನೂರಿಗೆ ಹೋಗಬೇಕಾಗುತ್ತದೆ. ಆದರೆ ಮಕ್ಕಳಿರುವ ಮನೆಯನ್ನು ಮಕ್ಕಳೇ ಇಲ್ಲದ ಮನೆಯಂತೆ ತೋರಿಸುವುದು ಅವರಿಗೆ ಮಾಡುವ ಅನ್ಯಾಯ. ವ್ಯಾಪಾರಕ್ಕೂ ಅದರಿಂದ ಲಾಭವಿಲ್ಲ.

ಮಾರುವ ಮನೆಯನ್ನು ಹೀಗೆ ಸಿಂಗರಿಸುವ ಪದ್ಧತಿ ನಮ್ಮ ಕಡೆಯದಲ್ಲ. ಅಮೆರಿಕದಲ್ಲಿ ಬಾರ್ಬ್ ಶ್ವಾರ್ಟ್ಸ್ ಎಂಬಾಕೆ 1970ರ ದಶಕದಲ್ಲಿ ಇದನ್ನೊಂದು ಕಸುಬಾಗಿ ಬೆಳೆಸಿದರು. ಮನೆಯವರ ಫೋಟೋ ಇಳಿಸಬೇಕು, ಆಟಿಕೆ ಅಡಗಿಸಬೇಕು, ಬಂದವರು ಅದನ್ನು ತಮ್ಮದೇ ಮನೆ ಎಂದು ಕಲ್ಪಿಸಿಕೊಳ್ಳಬೇಕು ಎಂಬುದು ಅಲ್ಲಿನ ಲೆಕ್ಕ. ಅದು ಬೆಂಗಳೂರಿನ ಫ್ಲಾಟುಗಳಿಗೆ ಬಂತು, ಈಗ ಮೊಬೈಲ್ ಫೋಟೋ, ವಿಡಿಯೋಗಳ ಬೆನ್ನು ಹತ್ತಿ ಹಳ್ಳಿಯ ಪಡಸಾಲೆಗೂ ಬಂದಿದೆ.

ಇದರ ಪೆಟ್ಟು ಯಾರಿಗೆ ಬೀಳುತ್ತದೆ ಎಂಬುದು ತರಗತಿಯಲ್ಲಿ ಕಾಣುತ್ತದೆ. ಮೂರನೇ ಇಯತ್ತೆಯ ಹುಡುಗಿಯೊಬ್ಬಳು ವಾರದಿಂದ ಮನೆಪಾಠ ಬರೆದು ತರುತ್ತಿರಲಿಲ್ಲ. ಪಕ್ಕದಲ್ಲಿ ಕೂಡಿಸಿಕೊಂಡು ಕೇಳಿದೆ. "ಯಾರೋ ಮನಿ ನೋಡಾಕ ಬರ್ತಾರ ಟೀಚರ್. ನನ್ನ ಪುಸ್ತಕ ಎಲ್ಲಾ ಚೀಲದಾಗ ತುಂಬಿ ಅಟ್ಟದ ಮ್ಯಾಲೆ ಇಟ್ಟಾರ" ಅಂದಳು. ಪಡಸಾಲೆಯ ಕಿಟಕಿಯ ಕೆಳಗೆ ಅವಳು ಬಳಪದಿಂದ ಮಗ್ಗಿ ಬರೆದುಕೊಳ್ಳುವ ಗೋಡೆಯಿತ್ತು. ಹದಿಮೂರರ ಮಗ್ಗಿಯವರೆಗೆ ಬಂದಿದ್ದಳು. ಅದಕ್ಕೂ ಬಣ್ಣ ಬಳಿದು, ಮುಟ್ಟಬೇಡ ಎಂದಿದ್ದರು. ಯಾಕೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ತಾನೇನೋ ತಪ್ಪು ಮಾಡಿದ್ದೇನೆ ಎಂದೇ ಅವಳು ತಿಳಿದುಕೊಂಡಿದ್ದಳು. ಮನೆ ಮಾರುವ ಸುದ್ದಿ ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಅವಳೊಬ್ಬಳಿಗೆ ಬಿಟ್ಟು.

ಮಕ್ಕಳಿಗೆ ಹೇಳಿದರೆ ಅಳುತ್ತಾರೆ, ಊರ ತುಂಬ ಹೇಳಿಕೊಂಡು ಬರುತ್ತಾರೆ ಎಂದು ಹಿರಿಯರು ಅಂಜುತ್ತಾರೆ. ಅಳಲಿ. ಅತ್ತ ಮಗುವನ್ನು ಸಮಾಧಾನ ಮಾಡಬಹುದು. ಏನು ನಡೆಯುತ್ತಿದೆಯೆಂದೇ ತಿಳಿಯದೆ ಒಳಗೊಳಗೇ ಕುಗ್ಗುವ ಮಗುವನ್ನು ಸಮಾಧಾನ ಮಾಡುವ ಬಗೆ ಹೇಗೆ? ದಲ್ಲಾಳಿಗೆ ಫೋನ್ ಮಾಡುವ ಮುಂಚೆ ಒಂದು ರಾತ್ರಿ ಊಟವಾದ ಮೇಲೆ ಮಕ್ಕಳನ್ನು ಕೂಡಿಸಿಕೊಂಡು ಹೇಳಿ: ಮನೆ ಯಾಕೆ ಮಾರುತ್ತಿದ್ದೇವೆ, ಮುಂದೆ ಎಲ್ಲಿಗೆ ಹೋಗುತ್ತೇವೆ, ಶಾಲೆ ಯಾವುದು, ಯಾವ ಸಾಮಾನು ಜೊತೆಗೆ ಬರುತ್ತದೆ.

ಇನ್ನು ಕೊಳ್ಳುವವರ ಕಡೆ ನೋಡೋಣ. ನಮ್ಮಲ್ಲಿ ಮನೆ ನೋಡಲು ಬಂದವರು ಮೊದಲು ಕೇಳುವುದು ನಳದ ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ ಎಂದು. ಆಮೇಲೆ ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ನಡುಗೋಡೆ ಯಾರದು, ಮಳೆಗಾಲದಲ್ಲಿ ಮಾಳಿಗೆ ಸೋರುತ್ತದೆಯೇ, ಬಾಗಿಲು ಯಾವ ದಿಕ್ಕಿಗೆ, ಪಂಚಾಯ್ತಿಯ ಇ-ಸ್ವತ್ತು ನಮೂನೆ 9 ಮತ್ತು 11 ಸಿದ್ಧ ಇವೆಯೇ ಎಂದು ವಿಚಾರಿಸುತ್ತಾರೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿದ ಮೇಲಂತೂ ಕೊಳ್ಳುವವರು ಇನ್ನಷ್ಟು ಬಿಗಿಯಾಗಿ ಲೆಕ್ಕ ಹಾಕುತ್ತಾರೆ. ಗೋಡೆಯ ಮೇಲಿನ ಬಳಪದ ಗೆರೆ ಕಂಡು ವ್ಯಾಪಾರ ಬಿಟ್ಟು ಎದ್ದುಹೋದವರನ್ನು ನಾನು ಕಂಡಿಲ್ಲ. ಕಾಗದಪತ್ರ ಸರಿಯಿಲ್ಲವೆಂದು ಎದ್ದುಹೋದವರನ್ನು ಕಂಡಿದ್ದೇನೆ. ಬಣ್ಣಕ್ಕೆ ಹಾಕುವ ದುಡ್ಡನ್ನು ಸೋರುವ ಮಾಳಿಗೆಗೆ ಹಾಕಿ. ಮಕ್ಕಳನ್ನು ಅಡಗಿಸಲು ಪಡುವ ಪಾಡನ್ನು ಋಣಭಾರ ಪತ್ರ ತೆಗೆಸಲು ಪಡಿ.

ನಮ್ಮ ಓಣಿಯ ಇನ್ನೊಂದು ಮನೆಯಲ್ಲಿ ಹುಡುಗನನ್ನು ಎಲ್ಲಿಗೂ ಕಳಿಸಿರಲಿಲ್ಲ. ನೋಡಲು ಬಂದ ದಂಪತಿಗೂ ಅಷ್ಟೇ ವಯಸ್ಸಿನ ಮಗನಿದ್ದ. ಶಾಲೆಗೆ ಹ್ಯಾಂಗ ಹೋಗ್ತಿ ಎಂದು ಆ ತಾಯಿ ಕೇಳಿದಳು. "ಒಬ್ಬನ ಹೋಗ್ತೀನ್ರಿ. ದೊಡ್ಡ ರಸ್ತೆ ದಾಟಂಗಿಲ್ಲ" ಅಂದ. ಸಂಜೆ ಎಲ್ಲಿ ಆಡುತ್ತಾರೆ, ಜೊತೆಗೆ ಯಾರ್ಯಾರು ಇರುತ್ತಾರೆ ಎಂಬುದನ್ನೂ ಹೇಳಿದ. ಅವರು ಹಿತ್ತಲಿಗೆ ಹೋಗಿ ಬಂದು ಸಂಚಕಾರದ ಮಾತು ತೆಗೆದರು. ಮಕ್ಕಳೊಂದಿಗೆ ಮನೆ ಹುಡುಕುವವರಿಗೆ ಇಂಥ ಸಂಗತಿಯನ್ನು ಯಾವ ಸಿಂಗಾರವೂ ತಿಳಿಸಲಾರದು.

ಹಾಗೆಂದು ಮನೆಯನ್ನು ಹೇಗಿದೆಯೋ ಹಾಗೆ ತೋರಿಸಿ ಎನ್ನುತ್ತಿಲ್ಲ. ಕಸ ಹೊಡೆಯಿರಿ, ಪರಸಿ ಕಲ್ಲು ತಿಕ್ಕಿ ತೊಳೆಯಿರಿ, ದಾರಿಯಲ್ಲಿ ಬಿದ್ದಿರುವ ಸೈಕಲ್ಲನ್ನು ಒಂದು ಬದಿಗೆ ನಿಲ್ಲಿಸಿ. ಆದರೆ ಮಗು ಕುಳಿತು ಓದುವ ಒಂದು ಮೂಲೆಯನ್ನು ಯಾರೂ ಮುಟ್ಟಬೇಡಿ. ಬರುವವರಿಗೆ ದಿನ, ಹೊತ್ತು ಗೊತ್ತು ಮಾಡಿ. ಮಗು ಉಣ್ಣುವಾಗ, ಮಲಗಿದಾಗ ಬಾಗಿಲು ಬಡಿಯುವವರಿಗೆ ನಾಳೆ ಬನ್ನಿ ಎನ್ನುವ ಹಕ್ಕು ನಿಮಗಿದೆ. ಮಕ್ಕಳ ಮುಖ, ಹೆಸರು, ಶಾಲೆಯ ಗುರುತು ಬಿದ್ದ ಫೋಟೋ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡದಂತೆ ಎಚ್ಚರ ವಹಿಸಿ. ಹೊಸಬರು ಬಂದಾಗ ಮನೆಯಲ್ಲಿ ಮಕ್ಕಳಷ್ಟೇ ಇರುವಂತಾಗಬಾರದು.

ಕಾನೂನೂ ಮಕ್ಕಳನ್ನು ಮರೆತಿಲ್ಲ. ಆಸ್ತಿ ಮಗುವಿನ ಹೆಸರಿಗೇ ಇದ್ದರೆ, ಅಥವಾ ಪಾಲಾಗಿ ಮಗುವಿನ ಪಾಲಿಗೆ ಬಂದಿದ್ದರೆ, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 8ನೇ ಕಲಮಿನಂತೆ ಕೋರ್ಟಿನ ಅನುಮತಿ ಇಲ್ಲದೆ ಹೆತ್ತವರೂ ಅದನ್ನು ಮಾರುವಂತಿಲ್ಲ. ಮಾರಿದರೆ ಮಗು 18 ತುಂಬಿದ ಮೇಲೆ 3 ವರ್ಷದೊಳಗೆ ಕೋರ್ಟಿಗೆ ಹೋಗಬಹುದು. ಪಾಲಾಗದ ಕುಟುಂಬದ ಮನೆಗೆ ಈ ಕಲಮು ಅನ್ವಯಿಸದಿದ್ದರೂ, ಮಾರಾಟವನ್ನು ಪ್ರಶ್ನಿಸಿದರೆ ಕುಟುಂಬದ ಅಗತ್ಯಕ್ಕೇ ಮಾರಿದ್ದು ಎಂದು ಕೊಂಡವರು ತೋರಿಸಬೇಕಾಗುತ್ತದೆ. ಪಿತ್ರಾರ್ಜಿತದಲ್ಲಿ ಮಗನಷ್ಟೇ ಮಗಳಿಗೂ ಹಕ್ಕಿದೆ ಎಂದು 2005ರ ತಿದ್ದುಪಡಿ ಹೇಳಿದೆ. ಸಂಚಕಾರ ಪಡೆಯುವ ಮುಂಚೆ ವಕೀಲರಿಗೊಮ್ಮೆ ಕಾಗದ ತೋರಿಸುವುದು ಒಳ್ಳೆಯದು.

ನನ್ನ ದೊಡ್ಡ ಚಿಂತೆ ಮಾತ್ರ ತಾರೀಖಿನದು. ತುಂಗಭದ್ರಾ ಎಡದಂಡೆ ಕಾಲುವೆಯ ನಮ್ಮ ಸೀಮೆಯಲ್ಲಿ ಮುಂಗಾರಿನ ಭತ್ತ ಕೊಯ್ದು ಮಾರಿದ ಮೇಲೆ, ಡಿಸೆಂಬರ್–ಜನವರಿಯಲ್ಲಿ ಕೈಯಲ್ಲಿ ಹಣ ಓಡಾಡುತ್ತದೆ. ಮನೆ, ಸೈಟುಗಳ ವ್ಯಾಪಾರ ಕುದುರುವುದೂ ಆಗಲೇ. ಮಕ್ಕಳ ವಾರ್ಷಿಕ ಪರೀಕ್ಷೆ ಇರುವುದು ಮಾರ್ಚ್‌ನಲ್ಲಿ. ನಡುವರ್ಷ ಟಿಸಿ ಕೇಳಿಕೊಂಡು ಬರುವ ಅಪ್ಪಂದಿರ ಹಿಂದೆ ತಲೆ ತಗ್ಗಿಸಿ ನಿಂತ ಮಕ್ಕಳನ್ನು ಪ್ರತಿ ಜನವರಿಯಲ್ಲೂ ನೋಡುತ್ತೇನೆ. ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಂತೆ ಸರ್ಕಾರಿ ಶಾಲೆ ಕೇಳಿದ ಕೂಡಲೇ ಟಿಸಿ ಕೊಡಬೇಕು, ಅದು ತಡವಾಯಿತೆಂದು ಹೊಸ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ದಾಖಲಾತಿಗೆ ತೊಂದರೆಯಿಲ್ಲ, ನಿಜ. ಆದರೆ ಗೆಳತಿಯರನ್ನು, ಅರ್ಧಕ್ಕೆ ನಿಂತ ಪಾಠವನ್ನು ಯಾವ ಟಿಸಿಯೂ ಜೊತೆಗೆ ಕಳಿಸಿಕೊಡದು.

ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಸಂಚಕಾರ ಜನವರಿಯಲ್ಲೇ ಆಗಲಿ, ಮನೆಯ ಕಬ್ಜಾ ಮಾತ್ರ ಪರೀಕ್ಷೆ ಮುಗಿದ ಮೇಲೆ, ಏಪ್ರಿಲ್ ಕಡೆಯಲ್ಲಿ ಎಂದು ಕರಾರಿನಲ್ಲಿ ಒಂದು ಸಾಲು ಬರೆಸಿ. ಮಾರುವವರು ಅದನ್ನು ಕೇಳಲು ನಾಚಬಾರದು, ಕೊಳ್ಳುವವರು ಇಲ್ಲ ಎನ್ನಬಾರದು, ದಲ್ಲಾಳಿಗಳು ಮೊದಲ ಮಾತುಕತೆಯಲ್ಲೇ ಅದನ್ನು ಎತ್ತಬೇಕು. ಮೂರು ತಿಂಗಳು ಕಾದರೆ ಕೊಳ್ಳುವವರಿಗೆ ದೊಡ್ಡ ನಷ್ಟವೇನೂ ಆಗುವುದಿಲ್ಲ. ಮಗುವಿಗೆ ಮಾತ್ರ ಒಂದು ವರ್ಷದ ಓದು ಉಳಿಯುತ್ತದೆ.