ಹೊತ್ತು ಮುಳುಗಿದ ಮೇಲೆ ನಗರ ಯಾರದು?

2021ರ ಆಗಸ್ಟ್‌ನಲ್ಲಿ ಮೈಸೂರಿನ ಚಾಮುಂಡಿ ಬೆಟ್ಟದ ತಪ್ಪಲಿನಲ್ಲಿ ವಿದ್ಯಾರ್ಥಿನಿಯೊಬ್ಬಳ ಮೇಲೆ ಸಾಮೂಹಿಕ ಅತ್ಯಾಚಾರ ನಡೆದ ಬೆನ್ನಲ್ಲೇ ಮೈಸೂರು ವಿಶ್ವವಿದ್ಯಾನಿಲಯವು ಹೊರಡಿಸಿದ ಸುತ್ತೋಲೆಯೊಂದು, ಸಂಜೆ 6.30ರ ನಂತರ ವಿದ್ಯಾರ್ಥಿನಿಯರು ಮಾನಸಗಂಗೋತ್ರಿಯ ಆವರಣದಲ್ಲಿ ಒಬ್ಬಂಟಿಯಾಗಿ ಓಡಾಡುವುದನ್ನೂ ಕುಕ್ಕರಹಳ್ಳಿ ಕೆರೆಯ ಕಡೆಗೆ ಹೋಗುವುದನ್ನೂ ನಿಷೇಧಿಸಿತು. ಅಪರಾಧ ಎಸಗಿದವರು ಗಂಡಸರಾಗಿದ್ದರೂ ನಿರ್ಬಂಧ ಬಿದ್ದದ್ದು ಹೆಣ್ಣುಮಕ್ಕಳ ಮೇಲೆ. ಸಾರ್ವಜನಿಕ ವಿರೋಧ ಎದ್ದ ಮೇಲೆ ಆ ಸುತ್ತೋಲೆಯನ್ನು ಹಿಂತೆಗೆದುಕೊಳ್ಳಲಾಯಿತು. ಅದೇ ಸಂದರ್ಭದಲ್ಲಿ ಆಗಿನ ಗೃಹ ಸಚಿವರು, ಆ ಹೊತ್ತಿನಲ್ಲಿ ಅಂಥ ನಿರ್ಜನ ಸ್ಥಳಕ್ಕೆ ಹೋಗಬಾರದಿತ್ತು ಎಂಬರ್ಥದ ಮಾತನ್ನಾಡಿ, ಟೀಕೆಗೆ ಗುರಿಯಾದ ಬಳಿಕ ಅದನ್ನು ಹಿಂಪಡೆದರು. 2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಟಿಎಂ ಬಡಾವಣೆಯ ರಸ್ತೆಯೊಂದರಲ್ಲಿ ಮಹಿಳೆಯ ಮೇಲೆ ಲೈಂಗಿಕ ದೌರ್ಜನ್ಯ ನಡೆದಾಗ, ಅಷ್ಟರಲ್ಲಿ ಬೇರೊಂದು ಪಕ್ಷದ ಸರ್ಕಾರ ಬಂದಿದ್ದರೂ, ಗೃಹ ಖಾತೆಯನ್ನು ಹೊತ್ತವರು ದೊಡ್ಡ ನಗರದಲ್ಲಿ ಇಂಥವು ಅಲ್ಲೊಂದು ಇಲ್ಲೊಂದು ನಡೆಯುತ್ತವೆ ಎಂಬರ್ಥದಲ್ಲಿ ಮಾತನಾಡಿ, ಅನಂತರ ವಿಷಾದ ವ್ಯಕ್ತಪಡಿಸಿದರು. ಪಕ್ಷ ಬದಲಾದರೂ ಧೋರಣೆ ಬದಲಾಗದಿರುವುದೇ ಈ ವಿವಾದಗಳ ಮುಖ್ಯ ಸಂಗತಿ.

ಹೊರ ಊರಿನಿಂದ ಮಹಾನಗರಕ್ಕೆ ಬರುವ ಮಹಿಳೆಗೆ ಕುಟುಂಬ, ವಸತಿಗೃಹ, ಪ್ರವಾಸಿ ಕೈಪಿಡಿ ಮತ್ತು ಪೊಲೀಸ್ ಇಲಾಖೆಗಳು ಒಂದೇ ದನಿಯಲ್ಲಿ ಕೊಡುವ ಸಲಹೆಗಳ ಹಿಂದೆಯೂ ಇದೇ ಧೋರಣೆಯಿದೆ. ಕತ್ತಲಾಗುವ ಮುನ್ನ ಕೋಣೆ ಸೇರಬೇಕು, ಒಬ್ಬಳೇ ಹೋಗಬಾರದು, ಹೋಗಲೇಬೇಕಿದ್ದರೆ ಮಾಲಿಗೆ ಹೋಗಿ ಬಾಡಿಗೆ ಕಾರಿನಲ್ಲಿ ಹಿಂದಿರುಗಬೇಕು ಎಂಬ ಈ ಪಟ್ಟಿಯು ಸುರಕ್ಷತೆಯನ್ನು ಮಹಿಳೆಯ ಖಾಸಗಿ ಜವಾಬ್ದಾರಿಯನ್ನಾಗಿ ಮಾಡುತ್ತದೆ, ಮತ್ತು ಸಂಜೆಯ ಸಂತೋಷವನ್ನು ಅದಕ್ಕಾಗಿ ಆಕೆ ತೆರಬೇಕಾದ ಬೆಲೆಯೆಂದು ಪರಿಗಣಿಸುತ್ತದೆ. ವಾಸ್ತವದಲ್ಲಿ ಸುರಕ್ಷತೆ ಮತ್ತು ಸಂತೋಷ ಒಂದಕ್ಕೊಂದು ಎದುರಾಳಿಗಳಲ್ಲ. ಹೆಚ್ಚು ಮಹಿಳೆಯರು ನಿಶ್ಚಿಂತೆಯಿಂದ ಸಂಜೆ ಕಳೆಯುವ ಬೀದಿಯೇ ಹೆಚ್ಚು ಸುರಕ್ಷಿತವಾದ ಬೀದಿ. ಆದ್ದರಿಂದ ಮಹಿಳೆಯರು ಎಷ್ಟು ಬೇಗ ಒಳಗೆ ಸೇರುತ್ತಾರೆ ಎಂಬುದನ್ನು ಬಿಟ್ಟು, ಎಷ್ಟು ಹೊತ್ತಿನವರೆಗೆ ನೆಮ್ಮದಿಯಿಂದ ಹೊರಗಿರಬಲ್ಲರು ಎಂಬುದನ್ನು ನಗರಾಡಳಿತದ ಅಳತೆಗೋಲನ್ನಾಗಿ ಮಾಡಬೇಕು.

ಮನೆಯೊಳಗೆ ರಕ್ಷಣೆಯಿದೆ, ಹೊರಗೆ ಅಪಾಯವಿದೆ ಎಂಬ ನಂಬಿಕೆಯನ್ನು ಸರ್ಕಾರದ ಅಂಕಿ ಅಂಶಗಳೇ ಅಲ್ಲಗಳೆಯುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಗಳ ಪ್ರಕಾರ ದೇಶದಲ್ಲಿ ದಾಖಲಾಗುವ ಅತ್ಯಾಚಾರ ಪ್ರಕರಣಗಳಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತಲೂ ಹೆಚ್ಚಿನವುಗಳಲ್ಲಿ ಆರೋಪಿಯು ಸಂತ್ರಸ್ತೆಗೆ ಪರಿಚಿತನೇ ಆಗಿರುತ್ತಾನೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಪತಿಯಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ ವಿವಾಹಿತ ಮಹಿಳೆಯರ ಪ್ರಮಾಣ ಕರ್ನಾಟಕದಲ್ಲಿ ಶೇ 44ರಷ್ಟಿದ್ದು, ದೇಶದ ಯಾವ ರಾಜ್ಯದಲ್ಲಿಯೂ ಅದು ಇದಕ್ಕಿಂತ ಹೆಚ್ಚಿಲ್ಲ. ಹೀಗಿರುವಾಗ ಹೆಣ್ಣನ್ನು ಬೀದಿಯಿಂದ ಮನೆಗೆ ಅಟ್ಟುವ ನೀತಿಯನ್ನು ರಕ್ಷಣೆಯ ಕ್ರಮವೆಂದು ಸಮರ್ಥಿಸಲಾಗದು. ಅದು ಆಕೆಯ ಚಲನೆಯನ್ನು ಹಿಡಿತದಲ್ಲಿಟ್ಟುಕೊಳ್ಳುವ ಹಳೆಯ ಅಧಿಕಾರದ ಮುಂದುವರಿಕೆಯಷ್ಟೇ.

ರಾತ್ರಿ ಹೊರಗಿರುವುದು ನಮ್ಮ ಸಂಸ್ಕೃತಿಗೆ ಒಗ್ಗದ್ದು ಎಂಬ ವಾದವಂತೂ ಬೆಂಗಳೂರಿನ ಚರಿತ್ರೆಯ ಮುಂದೆ ನಿಲ್ಲುವುದಿಲ್ಲ. ಚೈತ್ರ ಪೂರ್ಣಿಮೆಯಂದು ಧರ್ಮರಾಯಸ್ವಾಮಿ ದೇವಾಲಯದಿಂದ ನಡುರಾತ್ರಿ ಹೊರಡುವ ಕರಗ, ಅಂದರೆ ದ್ರೌಪದಿಯ ಶಕ್ತಿಯನ್ನು ಹೊತ್ತ ಹೂವಿನ ಕಲಶದ ಮೆರವಣಿಗೆ, ಬೆಳಗಿನವರೆಗೂ ಪೇಟೆಯ ಓಣಿಗಳನ್ನು ಹಾಯುವಾಗ ತಾಯಂದಿರು, ಅಜ್ಜಿಯರು, ಹುಡುಗಿಯರು ಇಡೀ ರಾತ್ರಿ ಬೀದಿಯಲ್ಲಿಯೇ ಇರುತ್ತಾರೆ. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ನೆರೆಯುವ ಕಡಲೆಕಾಯಿ ಪರಿಷೆಯಲ್ಲಿ ರಾತ್ರಿಯವರೆಗೂ ಮಾರುವವರಲ್ಲಿಯೂ ಕೊಳ್ಳುವವರಲ್ಲಿಯೂ ಹೆಂಗಸರಿದ್ದಾರೆ. 1939ರಲ್ಲಿ ಆರಂಭವಾದ ಶ್ರೀರಾಮ ಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವವು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ತಲೆಮಾರುಗಳಿಂದ ಮಹಿಳಾ ಶ್ರೋತೃಗಳನ್ನು ಸಂಜೆಯ ಕಛೇರಿಗಳಿಗೆ ಕರೆಯುತ್ತ ಬಂದಿದೆ. ದೇವರ ಹೆಸರಿನಲ್ಲಿ ತೆರೆದಿರುವ ಈ ರಾತ್ರಿಯನ್ನು ಹೆಣ್ಣು ತನ್ನ ಸ್ವಂತ ಸಂತೋಷಕ್ಕಾಗಿ ಕೇಳಿದೊಡನೆ ಅದು ಅನುಚಿತವಾಗುವುದಕ್ಕೆ ಯಾವ ತರ್ಕವೂ ಇಲ್ಲ.

ಶಿಲ್ಪಾ ಫಡ್ಕೆ, ಸಮೀರಾ ಖಾನ್ ಮತ್ತು ಶಿಲ್ಪಾ ರಾನಡೆ ಅವರು ಮುಂಬಯಿಯನ್ನು ಕುರಿತು 2011ರಲ್ಲಿ ಪ್ರಕಟಿಸಿದ ‘ವೈ ಲಾಯ್ಟರ್?’ ಎಂಬ ಅಧ್ಯಯನವು ಈ ದ್ವಂದ್ವವನ್ನು ನೇರವಾಗಿ ಗುರುತಿಸಿತು. ಸಾರ್ವಜನಿಕ ಸ್ಥಳದಲ್ಲಿರುವ ಮಹಿಳೆ ಕೆಲಸ, ಶಾಲೆ, ಖರೀದಿ, ಪೂಜೆ ಎಂಬಂಥ ಯಾವುದಾದರೂ ಉದ್ದೇಶವನ್ನು ಸದಾ ಪ್ರದರ್ಶಿಸಬೇಕಾಗುತ್ತದೆ. ಗಂಡಸಿನಂತೆ ಸುಮ್ಮನೆ ನಿಲ್ಲುವ, ಅಡ್ಡಾಡುವ ಸ್ವಾತಂತ್ರ್ಯ ಆಕೆಗಿಲ್ಲ ಎಂಬುದು ಅದರ ಮುಖ್ಯ ವಾದ. 2003ರಲ್ಲಿ ಬೆಂಗಳೂರಿನಲ್ಲಿ ಜಸ್ಮೀನ್ ಪಥೇಜಾ ಆರಂಭಿಸಿದ ‘ಬ್ಲ್ಯಾಂಕ್ ನಾಯ್ಸ್’ ಸಮುದಾಯವು ಮಹಿಳೆಯರು ಉದ್ಯಾನಗಳಲ್ಲಿ ನಿರಾತಂಕವಾಗಿ ಮಲಗಿ ವಿಶ್ರಮಿಸುವ ಕಾರ್ಯಕ್ರಮಗಳ ಮೂಲಕ ಇದೇ ಹಕ್ಕನ್ನು ಕ್ರಿಯೆಯಲ್ಲಿ ಪ್ರತಿಪಾದಿಸಿದೆ.

ಇಂದು ಬೆಂಗಳೂರಿಗೆ ಬರುವ ಮಹಿಳೆ ಯಾರು ಎಂಬುದನ್ನೂ ಮರೆಯುವಂತಿಲ್ಲ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯು ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತ ಪ್ರಯಾಣವನ್ನು ಒದಗಿಸಿದ್ದು, 2025ರ ಜುಲೈ ವೇಳೆಗೆ ಇಂಥ ಪ್ರಯಾಣಗಳ ಸಂಖ್ಯೆ 500 ಕೋಟಿಯನ್ನು ಮುಟ್ಟಿತು. ಪರೀಕ್ಷೆಗೆ, ಸಂದರ್ಶನಕ್ಕೆ, ಆಸ್ಪತ್ರೆಗೆ, ಬಂಧುಗಳ ಮನೆಗೆ ಕಲಬುರಗಿಯಿಂದಲೋ ಚಿತ್ರದುರ್ಗದಿಂದಲೋ ಬಂದು ಕೇಂದ್ರ ಬಸ್ ನಿಲ್ದಾಣವಿರುವ ಮೆಜೆಸ್ಟಿಕ್‌ನಲ್ಲಿ ಇಳಿಯುವ ಈ ಮಹಿಳೆಗೆ ಮಾಲು ಮತ್ತು ಬಾಡಿಗೆ ಕಾರಿನ ಸಲಹೆ ನಿರುಪಯುಕ್ತ. ಶೂನ್ಯ ದರದ ಟಿಕೆಟ್ ಆಕೆಯನ್ನು ನಗರದ ಬಾಗಿಲವರೆಗೆ ತಂದಿದೆ. ಸಂಜೆಯ ನಗರವನ್ನು ಆಕೆಗೆ ತೆರೆಯುವ ಕೆಲಸ ಬಾಕಿಯಿದೆ.

ತೆರೆದರೆ ಕಾಣಲು ಬೇಕಾದಷ್ಟಿದೆ. ಮೆಜೆಸ್ಟಿಕ್‌ನಿಂದ ಮೆಟ್ರೊದ ಹಸಿರು ಮಾರ್ಗದಲ್ಲಿ ನ್ಯಾಷನಲ್ ಕಾಲೇಜು ನಿಲ್ದಾಣಕ್ಕೆ ಹೋಗಿ ಇಳಿದರೆ ವಿ.ವಿ. ಪುರದ ತಿಂಡಿ ಬೀದಿ ಹತ್ತಿರದಲ್ಲಿಯೇ ಇದೆ. ಅವರೆಬೇಳೆಯ ತಿನಿಸು, ಹೋಳಿಗೆ, ದೋಸೆಗಳಿಗಾಗಿ ಸಂಸಾರಗಳು ನೆರೆಯುವ ಆ ಬೀದಿಯಲ್ಲಿ ಒಬ್ಬಳೇ ನಿಂತು ತಿನ್ನುವ ಹೆಂಗಸು ಯಾರ ಕಣ್ಣಿಗೂ ವಿಚಿತ್ರವಾಗಿ ಕಾಣುವುದಿಲ್ಲ. ಅಲ್ಲಿಂದ ಮುಂದೆ ಗಾಂಧಿ ಬಜಾರಿನ ಹೂವು ಹಣ್ಣಿನ ಸಾಲುಗಳಿವೆ, 1943ರಿಂದ ನಡೆದುಬಂದಿರುವ ವಿದ್ಯಾರ್ಥಿ ಭವನವಿದೆ. ನೇರಳೆ ಮಾರ್ಗದ ಮಹಾತ್ಮ ಗಾಂಧಿ ರಸ್ತೆ ನಿಲ್ದಾಣದ ಬಳಿ ಚರ್ಚ್ ಸ್ಟ್ರೀಟಿನ ಪುಸ್ತಕದಂಗಡಿಗಳು ಸಂಜೆಯ ನಂತರವೂ ತೆರೆದಿರುತ್ತವೆ. ಪುರಭವನದ ಸಮೀಪದ ರವೀಂದ್ರ ಕಲಾಕ್ಷೇತ್ರದಲ್ಲಿ ಕನ್ನಡ ನಾಟಕ, ನೃತ್ಯ, ಗಾಯನಗಳು ಕಡಿಮೆ ದರಕ್ಕೆ ಅಥವಾ ಉಚಿತವಾಗಿ ದೊರೆಯುತ್ತವೆ. ಶಂಕರ್ ನಾಗ್ ಅವರ ನೆನಪಿನಲ್ಲಿ 2004ರಲ್ಲಿ ಜೆ.ಪಿ. ನಗರದಲ್ಲಿ ಆರಂಭವಾದ ರಂಗಶಂಕರದಲ್ಲಿ ಸಂಜೆ 7.30ಕ್ಕೆ ಸರಿಯಾಗಿ ನಾಟಕ ಮೊದಲಾಗುತ್ತದೆ, ತಡವಾಗಿ ಬಂದವರಿಗೆ ಒಳಗೆ ಪ್ರವೇಶವಿರುವುದಿಲ್ಲ. ಇವುಗಳೆಲ್ಲದರ ಸಮಾನ ಗುಣವೆಂದರೆ ಬೆಳಕು, ಜನ, ಕೈಗೆಟಕುವ ಬೆಲೆ, ಮತ್ತು ಪ್ರೇಕ್ಷಕರಲ್ಲಿಯೋ ಗಿರಾಕಿಗಳಲ್ಲಿಯೋ ಮಹಿಳೆಯರ ಗಣನೀಯ ಪಾಲು.

ಈ ವಾದಕ್ಕೆ ಎದುರಾಗುವ ಗಂಭೀರ ಆಕ್ಷೇಪವೆಂದರೆ 2016ರ ಡಿಸೆಂಬರ್ 31ರ ರಾತ್ರಿ. ಅಂದು ಮಹಾತ್ಮ ಗಾಂಧಿ ರಸ್ತೆ ಮತ್ತು ಬ್ರಿಗೇಡ್ ರಸ್ತೆಗಳಲ್ಲಿ ಬೆಳಕಿತ್ತು, ಜನವಿದ್ದರು, ದೊಡ್ಡ ಸಂಖ್ಯೆಯಲ್ಲಿ ಪೊಲೀಸರೂ ಇದ್ದರು. ಆದರೂ ಅನೇಕ ಮಹಿಳೆಯರು ಗುಂಪಿನ ನಡುವೆ ಲೈಂಗಿಕ ಕಿರುಕುಳ ಅನುಭವಿಸಿದರು. ಅಪಾಯ ನಿಜವೆಂಬುದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆಯಾಗುತ್ತದೆ. ಆದರೆ ಆ ರಾತ್ರಿಯ ಪಾಠ ಮಹಿಳೆಯರು ಬರಬಾರದಿತ್ತು ಎಂಬುದಲ್ಲ. ವರ್ಷಕ್ಕೊಮ್ಮೆ ಒಂದೇ ರಸ್ತೆಗೆ ಅಮಲೇರಿದ ಗಂಡಸರ ದಟ್ಟಣೆಯನ್ನು ತುಂಬಿಸುವ ನಗರ, ವರ್ಷದ ಉಳಿದ ಸಂಜೆಗಳಲ್ಲಿ ಹೆಣ್ಣು ಗಂಡು ಒಟ್ಟಿಗೆ ನಡೆದಾಡುವ ಅಭ್ಯಾಸವನ್ನು ಬೆಳೆಸಿರಲಿಲ್ಲ. ಅಮೆರಿಕದ ನಗರ ಚಿಂತಕಿ ಜೇನ್ ಜೇಕಬ್ಸ್ 1961ರಲ್ಲಿ ‘ಬೀದಿಯ ಮೇಲಿನ ಕಣ್ಣುಗಳು’ ಎಂದು ಕರೆದದ್ದು ಬರಿಯ ಗುಂಪನ್ನಲ್ಲ. ಅಂಗಡಿಯವರು, ನಿವಾಸಿಗಳು, ದಾರಿಹೋಕರು ದಿನವೂ ಆ ಜಾಗವನ್ನು ಬಳಸುತ್ತ ಅದನ್ನು ತಮ್ಮದೆಂದು ಭಾವಿಸಿ ಗಮನವಿಟ್ಟು ಕಾಯುವ ಸಹಜ ಕಾವಲನ್ನು. ತಿಂಡಿ ಬೀದಿಯಲ್ಲಿ ಈ ಕಾವಲಿದೆ, ಹೊಸ ವರ್ಷದ ನೂಕುನುಗ್ಗಲಿನಲ್ಲಿ ಇರಲಿಲ್ಲ.

ಸರ್ಕಾರದ ಉತ್ತರ ಹೆಚ್ಚಾಗಿ ಯಂತ್ರಗಳ ಕಡೆಗೆ ವಾಲಿದೆ. 2012ರ ದೆಹಲಿ ಅತ್ಯಾಚಾರದ ನಂತರ ಮಹಿಳಾ ಸುರಕ್ಷತೆಗೆಂದು ಕೇಂದ್ರ ಸ್ಥಾಪಿಸಿದ ನಿರ್ಭಯಾ ನಿಧಿಯಿಂದ, ಕೇಂದ್ರ ಶೇ 60 ಮತ್ತು ರಾಜ್ಯ ಶೇ 40ರಷ್ಟು ಭರಿಸುವ ಸೇಫ್ ಸಿಟಿ ಯೋಜನೆಯು ದೇಶದ ಎಂಟು ಮಹಾನಗರಗಳಿಗೆ ದೊರೆತು, ಬೆಂಗಳೂರಿನಲ್ಲಿ ಸಾವಿರಾರು ಕ್ಯಾಮೆರಾಗಳೂ ಗುಂಡಿ ಒತ್ತಿದರೆ ಪೊಲೀಸ್ ನಿಯಂತ್ರಣ ಕೊಠಡಿಗೆ ಸಂಪರ್ಕ ಕಲ್ಪಿಸುವ ‘ಸುರಕ್ಷಾ ದ್ವೀಪ’ಗಳೂ ಬಂದಿವೆ. ತನಿಖೆಗೆ ಇವು ಅಗತ್ಯ. ಆದರೆ ಕ್ಯಾಮೆರಾ ಅಪರಾಧವನ್ನು ದಾಖಲಿಸುತ್ತದೆ, ಒಂಟಿ ನಿಲ್ದಾಣದಲ್ಲಿ ಕಾಯುವವಳ ಜೊತೆಗೆ ನಿಲ್ಲುವುದಿಲ್ಲ. ಅದೇ ದೆಹಲಿ ಪ್ರಕರಣದ ಬಳಿಕ ರಚನೆಯಾದ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿಯು 2013ರ ಜನವರಿಯಲ್ಲಿ ಸಲ್ಲಿಸಿದ ವರದಿಯಲ್ಲಿ ಕಾನೂನಿನ ತಿದ್ದುಪಡಿಯ ಜೊತೆಗೆ ಬೀದಿ ದೀಪ ಮತ್ತು ಸಾರ್ವಜನಿಕ ಸಾರಿಗೆಯ ಪ್ರಸ್ತಾಪವೂ ಇದ್ದದ್ದು ಈ ಕಾರಣದಿಂದಲೇ.

ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ. ರಂಗಮಂದಿರ, ಸಂಗೀತ ಸಭೆ ಮತ್ತು ತಿಂಡಿ ಬೀದಿಗಳು ಮುಚ್ಚುವ ಹೊತ್ತಿಗೆ ಅಲ್ಲಿಂದ ಮೆಟ್ರೊ ನಿಲ್ದಾಣಕ್ಕೂ ಮೆಜೆಸ್ಟಿಕ್‌ಗೂ ಬಿಎಂಟಿಸಿ ಬಸ್ಸುಗಳಿರಬೇಕು. ರಾತ್ರಿಯೂ ತೆರೆದಿರುವ, ನೀರು ದೀಪಗಳಿರುವ ಮಹಿಳಾ ಶೌಚಾಲಯ ಇರಬೇಕು. ಅದಿಲ್ಲದ ಕಡೆ ಮಹಿಳೆಯ ಸಂಜೆ ತಾನಾಗಿಯೇ ಮೊಟಕಾಗುತ್ತದೆ. ಅಗೆದು ಬಿಟ್ಟ, ಕತ್ತಲು ಕವಿದ ಕಾಲುದಾರಿಯನ್ನು ಸರಿಪಡಿಸುವುದನ್ನು ಮಹಿಳಾ ಸುರಕ್ಷತೆಯ ಕಾಮಗಾರಿಯೆಂದೇ ಪರಿಗಣಿಸಬೇಕು. ಒಂಟಿ ಮಹಿಳೆಗೆ ಕೋಣೆ ನಿರಾಕರಿಸುವ ಲಾಡ್ಜುಗಳ ಮತ್ತು ಹೆಣ್ಣುಮಕ್ಕಳಿಗೆ ಮಾತ್ರ ಗೇಟಿಗೆ ಬೀಗ ಹಾಕುವ ಹಾಸ್ಟೆಲ್ಲುಗಳ ಪದ್ಧತಿಗೆ ಪರವಾನಗಿಯ ಷರತ್ತಿನ ಮೂಲಕವೇ ತಡೆ ಬೀಳಬೇಕು. ದೂರು ಕೊಡಲು ಬಂದವಳನ್ನು ಆ ಹೊತ್ತಿನಲ್ಲಿ ಅಲ್ಲೇಕೆ ಇದ್ದೆಯೆಂದು ಕೇಳುವ ಪರಿಪಾಠ ಪೊಲೀಸ್ ಠಾಣೆಗಳಲ್ಲಿ ಕೊನೆಗೊಳ್ಳಬೇಕು.

ಇಲ್ಲಿ ಬೇಡುತ್ತಿರುವುದು ವಿಶೇಷ ಸವಲತ್ತನ್ನಲ್ಲ. ಭಾರತದ ಸಂವಿಧಾನದ 19ನೆಯ ವಿಧಿ ದೇಶದೊಳಗೆ ಮುಕ್ತವಾಗಿ ಸಂಚರಿಸುವ ಸ್ವಾತಂತ್ರ್ಯವನ್ನು ಎಲ್ಲ ನಾಗರಿಕರಿಗೂ ಕೊಡುವಾಗ ಹಗಲು ರಾತ್ರಿ ಎಂಬ ಭೇದ ಮಾಡಿಲ್ಲ, ಗಂಡು ಹೆಣ್ಣು ಎಂಬ ಭೇದವನ್ನೂ ಮಾಡಿಲ್ಲ. ಮಹಿಳೆಗೆ ಬೇಗ ಮನೆ ಸೇರು ಎಂದು ಹೇಳುವ ಅಧಿಕಾರಿ ತನ್ನ ಕರ್ತವ್ಯಲೋಪವನ್ನು ಆಕೆಯ ಹೆಗಲಿಗೆ ವರ್ಗಾಯಿಸುತ್ತಿದ್ದಾನೆ. ಮುಂದಿನ ಬಾರಿ ಅಂಥ ಸುತ್ತೋಲೆಯೋ ಹೇಳಿಕೆಯೋ ಹೊರಬಿದ್ದಾಗ ನಾಗರಿಕರು ಅದರ ಹಿಂತೆಗೆತವನ್ನಷ್ಟೇ ಕೇಳಿ ಸುಮ್ಮನಾಗದೆ, ಕೊನೆಯ ಬಸ್ಸಿನ ವೇಳೆ, ಉರಿಯದ ದೀಪ ಮತ್ತು ಬೀಗ ಬಿದ್ದ ಶೌಚಾಲಯಗಳ ಲೆಕ್ಕವನ್ನೂ ಕೇಳಬೇಕು.