ಶಿವಮೊಗ್ಗಕ್ಕೆ ಎಷ್ಟು ಹೊತ್ತು?

ಮಕ್ಕಳೇ, ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಶಿವಮೊಗ್ಗದ ಸೋಗಾನೆ ನಿಲ್ದಾಣಕ್ಕೆ ಭೂಪಟದಲ್ಲಿ ನೇರ ಗೆರೆ ಎಳೆಯಿರಿ. ನಮ್ಮ ತುಮಕೂರಿನ ಹತ್ತಿರವೇ ಹಾಯುತ್ತದೆ. ಉದ್ದ ಸುಮಾರು 240 ಕಿ.ಮೀ. ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿದರೆ ಅರ್ಧ ಗಂಟೆಯೂ ಬಾರದು. ಆದರೆ 2023ರ ಆಗಸ್ಟ್ 31ರಂದು ಶುರುವಾದ ವಿಮಾನಕ್ಕೆ ವೇಳಾಪಟ್ಟಿ ಕೊಟ್ಟದ್ದು ಒಂದು ಗಂಟೆಗೂ ಹೆಚ್ಚು!

ನಿಂತ ಜಾಗದಿಂದ ಕದಲಿದಾಗಲೇ ಲೆಕ್ಕ ಶುರು. ರನ್‌ವೇ ಸೇರಬೇಕು, ಸರದಿ ಕಾಯಬೇಕು, ಮೇಲೇರಬೇಕು, ಗಾಳಿಗೆ ಎದುರಾಗಿ ಇಳಿಯಲು ಕೆಲವೊಮ್ಮೆ ಸುತ್ತಬೇಕು. ಪೂರ್ತಿ ವೇಗವೇನಿದ್ದರೂ ನಡುವೆ ಮಾತ್ರ.

ಶಿವಮೊಗ್ಗದ ಮದುವೆಗೆ ಹೊರಟ ಗುಬ್ಬಿಯ ಅಜ್ಜಿಯಂತೂ ಮೊದಲು ಪೂರ್ವಕ್ಕೆ, ದೇವನಹಳ್ಳಿಗೆ ಹೋಗಿ, ವಿಮಾನ ಹತ್ತಿ ತಮ್ಮ ತಾಲ್ಲೂಕಿನ ಮೇಲೆಯೇ ಪಶ್ಚಿಮಕ್ಕೆ ಹಾರಬೇಕು. ಅವರು ವಿಮಾನ ಹತ್ತುವಷ್ಟರಲ್ಲಿ ಬಿ.ಎಚ್. ರಸ್ತೆಯ ಬಸ್ಸು ಕಡೂರು ಮುಟ್ಟಿರುತ್ತದೆ.